ಗಜನಿಯ ಕಟ್ಟೆಗೆ ಹೊಣೆ ಯಾರು?

ಕಾಳಿ, ಶರಾವತಿಗಳಿಗೆ ಅಣೆಕಟ್ಟು ಬಿದ್ದರೂ ಉತ್ತರ ಕನ್ನಡದ ಅಘನಾಶಿನಿ ಇಂದಿಗೂ ತಡೆಯಿಲ್ಲದೆ ಹರಿದು ತದಡಿಯ ಬಳಿ ಕಡಲು ಸೇರುತ್ತದೆ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶಕ್ಕೆ ರಾಮ್ಸಾರ್ ಮಾನ್ಯತೆ ದೊರೆತಿರುವುದು ಸಂತೋಷದ ಸಂಗತಿ. ಆದರೆ ಈ ನೆಲ ನಿಸರ್ಗದ ಕೊಡುಗೆ ಮಾತ್ರವಲ್ಲ, ಮನುಷ್ಯರ ದುಡಿಮೆಯ ಫಲವೂ ಹೌದೆಂಬುದನ್ನು ನಾವು ಮರೆಯಲಾಗದು.

ಕುಮಟಾ ತಾಲೂಕಿನ ಮಾಣಿಕಟ್ಟಾ ಮೊದಲಾದ ಊರುಗಳ ಹಿರಿಯರು ಕೆಸರುಮಣ್ಣಿನ ಕಟ್ಟೆ ಹಾಕಿ, ಉಪ್ಪುನೀರನ್ನು ತಡೆದು ಗಜನಿ ಗದ್ದೆಗಳನ್ನು ಮಾಡಿದರು. ಮಳೆಗೆ ಉಪ್ಪು ತೊಳೆದುಹೋದ ಮೇಲೆ ಅಲ್ಲಿ ಕಗ್ಗ ಭತ್ತ. ಕೊಯ್ಲಿನ ನಂತರ ತೂಬು ತೆರೆದರೆ ಉಬ್ಬರದೊಡನೆ ಬರುವ ಮೀನು, ಸಿಗಡಿ. ಕಟ್ಟೆ ಎಲ್ಲರದಾದ್ದರಿಂದ ಅದರ ದುರಸ್ತಿಯೂ ಎಲ್ಲರ ಹೊಣೆಯಾಗಿತ್ತು.

1970ರ ದಶಕದಲ್ಲಿ ಸರಕಾರವೇ ಶಾಶ್ವತ ಕಟ್ಟೆಗಳನ್ನು ನಿರ್ಮಿಸಿತು. ಹೊಣೆ ಊರಿನ ಕೈಯಿಂದ ಜಾರಿತು. ಮುಂದೆ ಸಿಗಡಿಗೆ ಬೆಲೆ ಬಂದು ಗಜನಿಗಳು ಗುತ್ತಿಗೆಗೆ ಹೋದವು. ಉಪ್ಪುನೀರು ನಿಂತಲ್ಲಿ ಭತ್ತ ಹಿಂದೆ ಸರಿಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದಲ್ಲಿ ಸಿಗಡಿ ಕೆರೆಗಳನ್ನು ನಿಷೇಧಿಸಿದಾಗ ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಕೊಟ್ಟಿತ್ತು. ಊರಿನ ಬೇಸಾಯವೂ ಹಣದ ವಹಿವಾಟೂ ಒಂದೇ ಅಲ್ಲವೆಂದು ಅದು ಕಂಡುಕೊಂಡಿತ್ತು.

ಮಾನ್ಯತಾ ಪತ್ರ ಕಟ್ಟೆಯನ್ನು ನಿಲ್ಲಿಸದು. ದುರಸ್ತಿಗೆ ನೆರವು, ಕಗ್ಗಕ್ಕೆ ನ್ಯಾಯವಾದ ಬೆಲೆ, ತೂಬು ತೆರೆಯುವ ತೀರ್ಮಾನದಲ್ಲಿ ಸಣ್ಣ ರೈತರಿಗೂ ಚಿಪ್ಪಿಕಲ್ಲು ಹೆಕ್ಕುವ ಹೆಂಗಸರಿಗೂ ಪಾಲು ದೊರೆಯಬೇಕು. ನೆರೆಯವನ ಕಟ್ಟೆ ಒಡೆದರೆ ಉಪ್ಪು ನಮ್ಮ ಗದ್ದೆಗೂ ನುಗ್ಗುತ್ತದೆ. ಗಜನಿ ನಮಗೆ ಕಲಿಸುವ ಪಾಠ ಇದೇ.