ಕ್ಲಚ್ಚಿನ ಬಿಲ್ಲೆಗಳು ಕಲಿಸುವ ಪಾಠ

ಹಳೆಯ ಮೋಟಾರು ಸೈಕಲ್ಲೊಂದು ಏರು ದಾರಿಯನ್ನು ಹತ್ತುತ್ತಿದೆ. ಎಂಜಿನ್ನಿನ ಕೂಗು ಏರುತ್ತಲೇ ಇದೆ. ಆದರೆ ವಾಹನದ ವೇಗ ಮಾತ್ರ ಏರುತ್ತಿಲ್ಲ. ಇದನ್ನು ಕಂಡವರೆಲ್ಲರದೂ ಒಂದೇ ತೀರ್ಪು: "ಕ್ಲಚ್ ಪ್ಲೇಟು ಸವೆದಿದೆ, ಹೊಸದು ಹಾಕಿಸಿ." ಈ ತೀರ್ಪು ಅನೇಕ ವೇಳೆ ನಿಜವೂ ಆಗಿರಬಹುದು. ಆದರೆ ಪರೀಕ್ಷೆಗೆ ಮೊದಲೇ ತೀರ್ಪು ಕೊಡುವ ಈ ಅಭ್ಯಾಸವು ವಿಜ್ಞಾನಕ್ಕೆ ಒಪ್ಪುವಂಥದಲ್ಲವೆಂದು ನಾವು ಭಾವಿಸುತ್ತೇವೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ಮೋಟಾರು ಸೈಕಲ್ಲುಗಳನ್ನು ತಯಾರಿಸಿತು. ಮೊದಲು ಜಾವಾ ಎಂದೂ 1970ರ ದಶಕದಿಂದ ಯೆಜ್ಡಿ ಎಂದೂ ಹೆಸರಾದ ಆ ವಾಹನಗಳಲ್ಲಿ ಎಷ್ಟೋ ಇಂದಿಗೂ ನಮ್ಮ ಬೀದಿಗಳಲ್ಲಿ ಓಡುತ್ತಿವೆ. ಅವುಗಳ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುವ ಬಹುಬಿಲ್ಲೆಯ ಕ್ಲಚ್ಚು. ಕಾರ್ಕಿನ ಹೊದಿಕೆಯುಳ್ಳ ಬಿಲ್ಲೆಗಳು ಎಂಜಿನ್ನಿನೊಡನೆ ತಿರುಗುತ್ತವೆ. ಅವುಗಳ ನಡುವೆ ಸೇರಿಸಿದ ಉಕ್ಕಿನ ಬಿಲ್ಲೆಗಳು ಗೇರುಪೆಟ್ಟಿಗೆಯ ದಂಡವನ್ನು ತಿರುಗಿಸುತ್ತವೆ. ಇವೆಲ್ಲವನ್ನೂ ಸ್ಪ್ರಿಂಗುಗಳು ಒಟ್ಟಾಗಿ ಒತ್ತಿ ಹಿಡಿದಿರುತ್ತವೆ. ಕೈಹಿಡಿಯನ್ನು ಎಳೆದಾಗ ಆ ಒತ್ತಡವು ತಪ್ಪಿ ಬಿಲ್ಲೆಗಳು ಬೇರೆಯಾಗುತ್ತವೆ.

ಅನೇಕ ಬಿಲ್ಲೆಗಳೇಕೆ? ಅಗಲವಾದ ಒಂದೇ ಬಿಲ್ಲೆ ಸಾಲದೆ? ಘರ್ಷಣೆಯ ಬಲವು ಒತ್ತುವ ಬಲವನ್ನು ಅವಲಂಬಿಸಿದೆಯೇ ಹೊರತು ತಾಗುವ ಮೇಲ್ಮೈಯ ವಿಸ್ತಾರವನ್ನಲ್ಲವೆಂದು ಫ್ರಾನ್ಸಿನ ಅಮೊಂತೊನ್ 1699ರಲ್ಲಿ ತಿಳಿಸಿದನು. ಆದುದರಿಂದ ಹೊದಿಕೆಯ ಅಗಲವನ್ನು ಹೆಚ್ಚಿಸಿದ ಮಾತ್ರಕ್ಕೆ ಹಿಡಿತ ಹೆಚ್ಚುವುದಿಲ್ಲ. ಬಿಲ್ಲೆಗಳನ್ನು ಒಂದರ ಪಕ್ಕದಲ್ಲೊಂದು ಜೋಡಿಸಿದರೆ ಅದೇ ಸ್ಪ್ರಿಂಗಿನ ಬಲವು ಪ್ರತಿಯೊಂದು ಮುಖವನ್ನೂ ಒತ್ತುತ್ತದೆ. ನಾಲ್ಕು ಬಿಲ್ಲೆಗಳಿದ್ದರೆ ಉಜ್ಜುವ ಮುಖಗಳು ಎಂಟು; ಹಿಡಿತವೂ ಒಂದು ಮುಖದ ಹಿಡಿತದ ಎಂಟರಷ್ಟು! ಪಠ್ಯಪುಸ್ತಕದಲ್ಲಿ ಮರದ ತುಂಡನ್ನು ಎಳೆದು ಕಲಿತ ನಿಯಮವು ಇಲ್ಲಿ ಒಂದು ಅಂಗೈಯಗಲದಲ್ಲಿ ದುಡಿಯುತ್ತಿದೆ.

ಹಿಡಿತ ತಪ್ಪಿದರೆ ಆಗುವ ನಷ್ಟವೇನು? ಎಂಜಿನ್ನು 12 ಅಶ್ವಶಕ್ತಿಯನ್ನು, ಎಂದರೆ ಸುಮಾರು 9,000 ವಾಟ್‌ಗಳನ್ನು, ಕೊಡುತ್ತಿದೆಯೆಂದು ಇಟ್ಟುಕೊಳ್ಳೋಣ. ಬಿಲ್ಲೆಗಳು ನೂರಕ್ಕೆ ಹತ್ತರಷ್ಟು ಜಾರಿದರೆ 900 ವಾಟ್‌ಗಳು ಶಾಖವಾಗಿ ಹೋಗುತ್ತವೆ. ಎಣ್ಣೆಯೊಳಗೆ ಒಂದು ವಿದ್ಯುತ್ ಇಸ್ತ್ರಿಪೆಟ್ಟಿಗೆಯನ್ನು ಇಟ್ಟಂತೆಯೇ ಸರಿ! ಕಾರ್ಕು ಸುಡುವುದೂ ಉಕ್ಕಿನ ಬಿಲ್ಲೆಗಳು ಸೊಟ್ಟಗಾಗುವುದೂ ಇದರಿಂದಲೇ.

ಈಗ ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಒಮ್ಮೆ ನಾವೂ ಇಂಥ ವಾಹನವೊಂದರ ಬಿಲ್ಲೆಗಳನ್ನು ಅಳೆಯದೆಯೇ ಬದಲಿಸಿದೆವು. ಜಾರುವಿಕೆ ನಿಲ್ಲಲಿಲ್ಲ. ಆಮೇಲೆ ವರ್ನಿಯರ್ ಕ್ಯಾಲಿಪರಿನಿಂದ ಅಳೆದಾಗ ಹಳೆಯ ಬಿಲ್ಲೆಗಳ ದಪ್ಪವೂ ಹೊಸವುಗಳ ದಪ್ಪವೂ ಹೆಚ್ಚುಕಡಿಮೆ ಒಂದೇ ಆಗಿದ್ದಿತು! ದೋಷವಿದ್ದುದು ಕೇಬಲಿನಲ್ಲಿ. ಅದನ್ನು ನಾವೇ ಅತಿಯಾಗಿ ಬಿಗಿದಿದ್ದೆವು. ಕೈಹಿಡಿಗೆ ಇರಬೇಕಾದ ಕೆಲವು ಮಿಲಿಮೀಟರುಗಳ ಸಡಿಲವಿಲ್ಲದೆ, ಸ್ಪ್ರಿಂಗಿನ ಬಲದ ಒಂದು ಭಾಗವನ್ನು ಕೇಬಲೇ ಸದಾ ಹಿಡಿದುಕೊಂಡಿತ್ತು. ಬಿಲ್ಲೆಗಳ ಹಣ ವ್ಯರ್ಥವಾಯಿತು, ಪಾಠ ವ್ಯರ್ಥವಾಗಲಿಲ್ಲ.

ಆದುದರಿಂದ ಮೊದಲು ಕೈಹಿಡಿಯ ಸಡಿಲವನ್ನು ನೋಡಬೇಕು; ಬಳಿಕ ಎಣ್ಣೆ ತಕ್ಕದ್ದೇ ಎಂಬುದನ್ನು. ಅನಂತರವೇ ಮುಚ್ಚಳವನ್ನು ಬಿಚ್ಚಬೇಕು. ಬಿಲ್ಲೆಯ ದಪ್ಪವನ್ನೂ ಸ್ಪ್ರಿಂಗಿನ ಉದ್ದವನ್ನೂ ಅಳೆದು ತಯಾರಕರು ಕೊಟ್ಟ ಅಳತೆಗಳೊಡನೆ ಹೋಲಿಸಬೇಕು. ಉಕ್ಕಿನ ಬಿಲ್ಲೆಯನ್ನು ಗಾಜಿನ ಹಲಗೆಯ ಮೇಲಿಟ್ಟರೆ ಅದರ ಸೊಟ್ಟು ತಾನಾಗಿ ಕಾಣುತ್ತದೆ. ಬದಲಿಸಲೇಬೇಕಾದರೆ ಹೊಸ ಬಿಲ್ಲೆಗಳನ್ನು ಮೊದಲು ಎಣ್ಣೆಯಲ್ಲಿ ನೆನೆಸಿ, ಸ್ಪ್ರಿಂಗುಗಳನ್ನು ಸಮವಾಗಿ ಬಿಗಿದು, ಕೊನೆಯಲ್ಲಿ ಸಡಿಲವನ್ನು ಮತ್ತೆ ಹೊಂದಿಸಬೇಕು. ಒಂದು ಎಚ್ಚರಿಕೆ: ಕೆಲವು ಹಳೆಯ ವಾಹನಗಳ ಬಿಲ್ಲೆಗಳಲ್ಲಿ ಕಲ್ನಾರು ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕರ. ಆದ್ದರಿಂದ ಬಿಲ್ಲೆಗಳನ್ನು ಒಣಗಿದ್ದಾಗ ಉಜ್ಜಬಾರದು, ಧೂಳನ್ನು ಊದಬಾರದು.

ನಮ್ಮ ಶಾಲಾಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಇಂಥ ಹಳೆಯ ಎಂಜಿನ್ನೊಂದು ಇರಬೇಕೆಂಬುದು ನಮ್ಮ ಅಭಿಪ್ರಾಯ. ಇದು ಮೇಸ್ತ್ರಿಯ ಕೆಲಸ, ವಿದ್ಯಾರ್ಥಿಗಳಿಗೇಕೆ ಎಂದು ಕೆಲವರು ಕೇಳಬಹುದು. ಪರೀಕ್ಷೆಯ ಓದಿಗೇ ಹೊತ್ತು ಸಾಲದೆಂದು ಇನ್ನು ಕೆಲವರು ಹೇಳಬಹುದು. ಆದರೆ ಘರ್ಷಣೆಯ ಸೂತ್ರವನ್ನು ಬಾಯಿಪಾಠ ಒಪ್ಪಿಸಿದ ವಿದ್ಯಾರ್ಥಿಯು ಕ್ಲಚ್ಚಿನ ಮುಂದೆ ಮೂಕನಾಗಿ ನಿಲ್ಲುವನಾದರೆ ಅವನು ಕಲಿತದ್ದೇನು? ಅತ್ತ, ಕೇಳಿಯೇ ದೋಷವನ್ನು ಗುರುತಿಸುವ ಕುಶಲ ಮೇಸ್ತ್ರಿಗೆ ಅದರ ಕಾರಣವನ್ನು ವಿವರಿಸುವ ಅವಕಾಶವನ್ನು ನಮ್ಮ ಸಮಾಜವು ಕೊಟ್ಟಿಲ್ಲ. ಕೈಬಲ್ಲವರೊಂದು ಕಡೆ, ಓದುಬಲ್ಲವರೊಂದು ಕಡೆ ಬೇರೆಬೇರೆಯಾಗಿ ತಿರುಗುತ್ತಿದ್ದರೆ ದೇಶದ ಶಕ್ತಿಯು ಜಾರುವ ಕ್ಲಚ್ಚಿನಲ್ಲಿಯಂತೆ ಬರಿಯ ಶಾಖವಾಗಿ ಹೋಗುತ್ತದೆ.

ಮುಂದಿನ ರಜೆಯಲ್ಲಿ, ಬಲ್ಲ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ಹಳೆಯ ಕ್ಲಚ್ಚೊಂದನ್ನು ಬಿಚ್ಚಿ ನೋಡಿರಿ. ಕೈಗೆ ಮೆತ್ತಿದ ಎಣ್ಣೆ ಸಾಬೂನಿಗೆ ಹೋಗುತ್ತದೆ. ಅಳೆದು ನೋಡಿ ಕಂಡುಕೊಂಡ ಸತ್ಯವು ಹೋಗುವುದಿಲ್ಲ.