ಗೃಹಾರೋಗ್ಯ: ಮೈ ಇಳಿಸುವ ಚುಚ್ಚುಮದ್ದು

ಈ ಪುಟಕ್ಕೆ ಬರುವ ಓಲೆಗಳಿಗೆ ನಾಲ್ಕೈದು ಪಂಕ್ತಿಗಳಲ್ಲಿ ಉತ್ತರ ಕೊಟ್ಟು ಮುಗಿಸುವುದು ನಮ್ಮ ವಾಡಿಕೆ. ಈ ತಿಂಗಳು ಹಾಗೆ ಮಾಡಲು ಮನಸ್ಸು ಬಾರದೆ ಒಂದೇ ಓಲೆಗೆ ಪುಟವನ್ನೆಲ್ಲ ಬಿಟ್ಟುಕೊಟ್ಟಿದ್ದೇವೆ. ಬರೆದವರು ತಾಲ್ಲೂಕು ಊರೊಂದರ ಗೃಹಿಣಿ. ವಯಸ್ಸು ೪೨, ಎತ್ತರ ೧೫೬ ಸೆಂಟಿಮೀಟರು, ತೂಕ ೯೪ ಕಿಲೋ. ಮೆಟ್ಟಿಲು ಹತ್ತಿದರೆ ಮೊಣಕಾಲು ನೋವು. ಎರಡು ವರುಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ. ಉಪವಾಸ, ನಡಿಗೆ, ರಾತ್ರಿಯೂಟ ಬಿಡುವುದು, ಎಲ್ಲವನ್ನೂ ಮಾಡಿ ಒಮ್ಮೆ ಎಂಟು ಕಿಲೋ ಇಳಿಸಿ, ಮರುವರುಷವೇ ಹತ್ತು ಕಿಲೋ ಏರಿದವರು. “ಬಾಯಿ ಕಟ್ಟಿದರೆ ಎಲ್ಲಾ ಸರಿಹೋಗುತ್ತದೆ” ಎಂದು ಅತ್ತೆಯವರ ಮಾತು. ಊರ ಡಾಕ್ಟರಲ್ಲಿ ಹೊಸ ಚುಚ್ಚುಮದ್ದಿನ ಪ್ರಸ್ತಾಪ ಮಾಡಿದರೆ ಅವರು ನಕ್ಕುಬಿಟ್ಟರಂತೆ. ಈಗ ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗಳು, ತನಗೆ ಪರಿಚಯದ ಅಂಗಡಿಯಿಂದ ಮದ್ದನ್ನು ಕೊಂಡು ಬಸ್ಸಿನಲ್ಲಿ ಕಳುಹಿಸುವೆನೆಂದೂ, ಮನೆಯಲ್ಲಿ ಯಾರಿಗೂ ಹೇಳಬೇಕಾದುದಿಲ್ಲವೆಂದೂ ಧೈರ್ಯ ಕೊಟ್ಟಿದ್ದಾಳೆ. “ತರಿಸಿಕೊಳ್ಳಲೇ?” ಎಂದು ಈ ಸೋದರಿ ಕೇಳುತ್ತಾರೆ.

ಬಸ್ಸಿನಲ್ಲಿ ತರಿಸಕೂಡದು, ಆದರೆ ಮದ್ದನ್ನು ಕೇಳುವುದನ್ನೂ ಬಿಡಕೂಡದು. ಕಾರಣಗಳನ್ನು ಹೇಳುತ್ತೇವೆ.

ಮೊದಲು ಆ ನಗೆಯ ವಿಚಾರ. ದಪ್ಪಗಿರುವವರೆಂದರೆ ನಾಲಗೆಯ ಹಿಡಿತವಿಲ್ಲದವರು, ಸೋಮಾರಿಗಳು ಎಂಬ ತೀರ್ಪು ನಮ್ಮ ಮನೆಗಳಲ್ಲಿ ಬಹು ಸುಲಭವಾಗಿ ಹೊರಬೀಳುತ್ತದೆ. ಅದು ಹಿರಿಯರಿಂದ ಬಂದ ಜ್ಞಾನವೆಂದೂ ನಾವು ತಿಳಿದಿರುತ್ತೇವೆ. ಹಿರಿಯರು ಹೇಳಿದ್ದು ಅಷ್ಟೇ ಅಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯದಲ್ಲಿ ಅತಿಸ್ಥೌಲ್ಯದ ಕಾರಣಗಳನ್ನು ಎಣಿಸುವಾಗ ಅತಿಭೋಜನ, ಹಗಲುನಿದ್ರೆ, ವ್ಯಾಯಾಮವಿಲ್ಲದಿರುವಿಕೆ ಇವುಗಳ ಜೊತೆಗೆ ಬೀಜಸ್ವಭಾವವನ್ನೂ, ಎಂದರೆ ತಾಯಿತಂದೆಗಳಿಂದ ಬಂದ ಗುಣವನ್ನೂ ಹೇಳಿದೆ. ಇನ್ನೂ ಸೂಕ್ಷ್ಮವಾದ ಮಾತೊಂದು ಅಲ್ಲಿಯೇ ಉಂಟು. ಮಿತಿಮೀರಿದ ಹಸಿವು ಬಾಯಾರಿಕೆಗಳನ್ನು ಸ್ಥೌಲ್ಯದಿಂದ ಉಂಟಾಗುವ ದೋಷಗಳ ಸಾಲಿನಲ್ಲಿ ಸೇರಿಸಿದ್ದಾರೆ. ಮೇದಸ್ಸು ಬೆಳೆದಂತೆ ಹಸಿವೂ ಬೆಳೆಯುತ್ತದೆಂದು ಇದರ ಅಭಿಪ್ರಾಯ. ಅತಿಸ್ಥೂಲರನ್ನು ಆ ಅಧ್ಯಾಯವು ‘ನಿಂದಿತ’ರ ಪಟ್ಟಿಯಲ್ಲಿ ಇರಿಸಿರುವುದೂ ನಿಜವೇ, ನಾವು ಆ ನಿಂದೆಯನ್ನು ಮಾತ್ರ ನೆನಪಿಟ್ಟುಕೊಂಡು ನಿದಾನವನ್ನು ಮರೆತೆವು.

ಇಂದಿನ ಶಾಸ್ತ್ರವೂ ಬೇರೆ ದಾರಿಯಿಂದ ಇದೇ ಸ್ಥಳಕ್ಕೆ ಬಂದು ನಿಂತಿದೆ. ಮೈತೂಕ ಇಳಿಯತೊಡಗಿದೊಡನೆ ಶರೀರವು ಅದನ್ನು ಕ್ಷಾಮವೆಂದೇ ಎಣಿಸುತ್ತದೆ. ಹಸಿವನ್ನು ಎಬ್ಬಿಸುವ ಹಾರ್ಮೋನುಗಳು ಹೆಚ್ಚುತ್ತವೆ, ತೃಪ್ತಿಯನ್ನು ಕೊಡುವಂಥವು ಕಡಿಮೆಯಾಗುತ್ತವೆ, ಸುಮ್ಮನೆ ಕುಳಿತಿದ್ದಾಗ ವೆಚ್ಚವಾಗುವ ಶಕ್ತಿಯನ್ನೂ ಶರೀರ ಜಿಪುಣತನದಿಂದ ಉಳಿಸಿಕೊಳ್ಳುತ್ತದೆ. ನಮ್ಮ ಸೋದರಿ ಎಂಟಿಳಿಸಿ ಹತ್ತು ಏರಿಸಿಕೊಂಡದ್ದಕ್ಕೆ ಅವರ ಮನೋದೌರ್ಬಲ್ಯವೇ ಕಾರಣವೆನ್ನುವವರು, ಸದಾ ಹಸಿದ ಹೊಟ್ಟೆಯಲ್ಲಿ ಮನೆಮಂದಿಗೆಲ್ಲ ಮೂರು ಹೊತ್ತು ಅಡಿಗೆ ಮಾಡಿ ಬಡಿಸಿ ನೋಡಲಿ.

ಹೊಸ ಮದ್ದುಗಳು ಕೆಲಸ ಮಾಡುವುದು ಈ ಹಸಿವಿನ ಮೇಲೆ. ಉಂಡ ಅನ್ನ ಕರುಳಿಗೆ ಇಳಿದಾಗ ಅಲ್ಲಿಂದ ಜಿ.ಎಲ್.ಪಿ.-೧ ಎಂಬ ಹಾರ್ಮೋನು ಹೊರಟು, “ಸಾಕು” ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಜಠರದಿಂದ ಅನ್ನ ಇಳಿಯುವುದನ್ನು ನಿಧಾನಗೊಳಿಸುತ್ತದೆ. ರಕ್ತದಲ್ಲಿ ಸಕ್ಕರೆ ಏರಿದ್ದರೆ ಇನ್ಸುಲಿನ್ನನ್ನು ಹೊರಡಿಸುತ್ತದೆ. ಆದರೆ ಅದರ ಆಯುಸ್ಸು ಕೆಲವೇ ನಿಮಿಷ. ಅಮೆರಿಕದ ಮರುಭೂಮಿಯಲ್ಲಿ ಹೀಲಾ ಎಂಬ ವಿಷದ ಹಲ್ಲಿಯೊಂದುಂಟು. ಅದರ ವಿಷದಲ್ಲಿ ಈ ಹಾರ್ಮೋನನ್ನು ಹೋಲುವ, ಬೇಗ ಕರಗಿಹೋಗದ ದ್ರವ್ಯವೊಂದು ಇರುವುದನ್ನು ಜಾನ್ ಎಂಗ್ ಎಂಬ ವೈದ್ಯರು ೧೯೯೨ರಲ್ಲಿ ಪ್ರಕಟಿಸಿದರು. ಅದನ್ನು ಅನುಸರಿಸಿ ಮಾಡಿದ ಮದ್ದು ೨೦೦೫ರಲ್ಲಿ ಅಮೆರಿಕದಲ್ಲಿ ಮಧುಮೇಹಕ್ಕೆ ಅನುಮತಿ ಪಡೆಯಿತು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡಿಗೆ ಅಲ್ಲಿಯೇ ೨೦೨೧ರಲ್ಲಿ ಬೊಜ್ಜಿನ ಚಿಕಿತ್ಸೆಗೆಂದು ಅನುಮತಿ ದೊರೆಯಿತು. ಎರಡು ಹಾರ್ಮೋನುಗಳ ಕೆಲಸವನ್ನು ಒಟ್ಟಿಗೆ ಮಾಡುವ ಟಿರ್ಜೆಪಟೈಡ್ ಅದರ ಹಿಂದೆಯೇ ಬಂದಿತು. ಭಾರತದಲ್ಲಿ ಈ ಎರಡೂ ಬೊಜ್ಜಿನ ಚಿಕಿತ್ಸೆಗೆ ದೊರೆಯತೊಡಗಿದ್ದು ೨೦೨೫ರಲ್ಲಿ.

ಫಲವೆಷ್ಟೆಂಬುದನ್ನು ಬಣ್ಣ ಕಟ್ಟದೆ ಹೇಳಬೇಕು. ೨೦೨೧ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ೧,೯೬೧ ಮಂದಿಯನ್ನು ೬೮ ವಾರ ನೋಡಿದರು. ಪಥ್ಯ ವ್ಯಾಯಾಮಗಳ ಸಲಹೆ ಎಲ್ಲರಿಗೂ ಇತ್ತು. ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ನೂರಕ್ಕೆ ೧೪.೯ ಇಳಿಯಿತು, ಬರಿಯ ನೀರುಮದ್ದು ಪಡೆದವರದು ೨.೪ ಮಾತ್ರ. ನಮ್ಮ ಸೋದರಿಯ ಲೆಕ್ಕಕ್ಕೆ ತಂದರೆ, ಒಂದು ವರುಷ ನಾಲ್ಕು ತಿಂಗಳಲ್ಲಿ ೯೪ ಕಿಲೋ ೮೦ರ ಸುಮಾರಿಗೆ ಬಂದೀತು. ಮೊಣಕಾಲಿಗೂ ರಕ್ತದೊತ್ತಡಕ್ಕೂ ಅದು ದೊಡ್ಡ ಉಪಕಾರ. ಆದರೆ ಮದುವೆಯ ಕಾಲದ ಕುಪ್ಪಸ ಮತ್ತೆ ಹಿಡಿಸುವುದೆಂಬ ಆಸೆ ಬೇಡ. ಇನ್ನೊಂದು ಮಾತನ್ನು ಮಾರುವವರು ಹೇಳುವುದಿಲ್ಲ: ಅದೇ ಪರೀಕ್ಷೆಯಲ್ಲಿ ಮದ್ದು ನಿಲ್ಲಿಸಿದವರನ್ನು ಮುಂದೊಂದು ವರುಷ ಗಮನಿಸಿದಾಗ, ಇಳಿದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಹಿಂದಿರುಗಿತ್ತು. ರಕ್ತದೊತ್ತಡದ ಮಾತ್ರೆಯಂತೆಯೇ ಇದೂ ಬಹುಕಾಲ ನಡೆಯಬೇಕಾದ ಚಿಕಿತ್ಸೆಯೆಂದು ತಿಳಿದೇ ಕೈಹಾಕಬೇಕು.

ಮೈ ಇಳಿಸುವ ಮದ್ದೆಂದರೆ ಹಿರಿಯರು ಬೆಚ್ಚುವುದಕ್ಕೆ ಆಧಾರವಿಲ್ಲದಿಲ್ಲ. ೧೯೩೩ರಲ್ಲಿ ಅಮೆರಿಕದಲ್ಲಿ ಡೈನೈಟ್ರೋಫಿನಾಲ್ ಎಂಬ ರಾಸಾಯನಿಕವನ್ನು ಇದಕ್ಕಾಗಿ ಕೊಡತೊಡಗಿ, ಎಷ್ಟೋ ಜನರ ಕಣ್ಣಿಗೆ ಪೊರೆ ಬಂದು, ಕೆಲವರು ಸತ್ತೂ ಹೋದ ಮೇಲೆ ೧೯೩೮ರ ಹೊತ್ತಿಗೆ ಅದು ನಿಂತಿತು. ಹೃದಯದ ಕವಾಟಗಳನ್ನು ಕೆಡಿಸಿತೆಂದು ಫೆನ್‌ಫ್ಲೂರಮೀನನ್ನು ೧೯೯೭ರಲ್ಲಿ ಹಿಂತೆಗೆದುಕೊಂಡರು. ಸಿಬುಟ್ರಮೀನನ್ನು ಅಮೆರಿಕದಲ್ಲಿ ೨೦೧೦ರಲ್ಲಿಯೂ ನಮ್ಮಲ್ಲಿ ೨೦೧೧ರಲ್ಲಿಯೂ ನಿಲ್ಲಿಸಬೇಕಾಯಿತು. ಈಗಿನ ಮದ್ದಿನ ವಿಚಾರದಲ್ಲಿ ಸಮಾಧಾನದ ಅಂಶವೆಂದರೆ, ಹೃದ್ರೋಗವಿದ್ದು ತೂಕವೂ ಹೆಚ್ಚಿದ್ದ ೧೭,೬೦೪ ಮಂದಿಯಲ್ಲಿ ನಡೆದ ೨೦೨೩ರ ಪರೀಕ್ಷೆಯಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಮರಣಗಳು ಒಟ್ಟಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಕಡಿಮೆಯಾದುದು. ಹಿಂದಿನವು ಹೃದಯವನ್ನು ಕೆಡಿಸಿದವು, ಇದು ಕಾಪಾಡಿತು.

ಹಾಗಾದರೆ ಬಸ್ಸಿನಲ್ಲಿ ಬಂದರೇನು ಕೇಡು? ತೆರೆಯದ ಮದ್ದನ್ನು ೨ರಿಂದ ೮ ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಲೂ ಕೂಡದು. ಡ್ರೈವರನ ಪಕ್ಕದ ಬಿಸಿ ಬಾನೆಟ್ಟಿನ ಮೇಲೆ ಪ್ರಯಾಣ ಮಾಡಿ ಬಂದ ಸೀಸೆಯೊಳಗೆ ಏನು ಉಳಿದಿದೆಯೆಂದು ನೋಡಿ ಹೇಳುವವರಾರು? ಸೆಮಾಗ್ಲುಟೈಡಿನ ಹೆಸರಿನಲ್ಲಿ ನಕಲಿ ಮದ್ದು ಮಾರಾಟವಾಗುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯೇ ೨೦೨೪ರ ಜೂನಿನಲ್ಲಿ ಲೋಕಕ್ಕೆಲ್ಲ ಎಚ್ಚರಿಕೆ ಕೊಟ್ಟಿತು. ಪ್ರಮಾಣದ ವಿಚಾರ ಇನ್ನೂ ಮುಖ್ಯ. ಸೆಮಾಗ್ಲುಟೈಡನ್ನು ವಾರಕ್ಕೆ ೦.೨೫ ಮಿಲಿಗ್ರಾಮಿನಿಂದ ಆರಂಭಿಸಿ, ನಾಲ್ಕು ನಾಲ್ಕು ವಾರಕ್ಕೊಮ್ಮೆ ಮೆಟ್ಟಿಲು ಹತ್ತಿದಂತೆ ಏರಿಸಿ ೨.೪ಕ್ಕೆ ತರುವುದು ಕ್ರಮ. ಅವಸರಪಟ್ಟವರಿಗೆ ವಾಂತಿಯೇ ಗತಿ. ವಾಕರಿಕೆ, ಭೇದಿ, ಮಲಬದ್ಧತೆ ಇವು ಕ್ರಮವಾಗಿ ತೆಗೆದುಕೊಂಡವರಿಗೂ ಬರುವಂಥವು. ಪಿತ್ತಕೋಶದಲ್ಲಿ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ ಇವು ಅಪರೂಪ. ಆದರೆ ಹೊಟ್ಟೆಯಲ್ಲಿ ಎದ್ದ ತೀವ್ರವಾದ ನೋವು ಬೆನ್ನಿಗೆ ಹಾಯ್ದು ನಿಲ್ಲದೆ ಹೋದರೆ ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು. ಗುಟ್ಟಾಗಿ ಚುಚ್ಚಿಕೊಂಡವರು ಆಗ ಮನೆಯವರಿಗೆ ಏನು ಹೇಳುವರು? ಡಾಕ್ಟರಿಗೆ ಯಾರು ಹೇಳುವರು?

ತಮಗಾಗಲಿ ಮನೆತನದಲ್ಲಾಗಲಿ ಥೈರಾಯಿಡ್ ಗ್ರಂಥಿಯ ಮೆಡ್ಯುಲರಿ ಎಂಬ ಜಾತಿಯ ಕ್ಯಾನ್ಸರು ಇದ್ದವರಿಗೆ ಈ ಮದ್ದು ನಿಷಿದ್ಧ. ಗರ್ಭಿಣಿಯರಿಗೂ ಕೂಡದು, ಮಗುವನ್ನು ಬಯಸುವವರು ಸೆಮಾಗ್ಲುಟೈಡನ್ನು ಎರಡು ತಿಂಗಳು ಮುಂಚೆಯೇ ಬಿಡಬೇಕು. ಮಧುಮೇಹಕ್ಕೆ ಇನ್ಸುಲಿನ್ನನ್ನೋ ಗ್ಲಿಮೆಪಿರೈಡಿನಂಥ ಮಾತ್ರೆಯನ್ನೋ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆ ಅತಿಯಾಗಿ ಕುಸಿಯಬಹುದು. ತೂಕ ಇಳಿದಂತೆ ರಕ್ತದೊತ್ತಡವೂ ಇಳಿಯುವುದರಿಂದ ನಮ್ಮ ಸೋದರಿಯ ಈಗಿನ ಮಾತ್ರೆಯನ್ನೇ ಕಡಿಮೆ ಮಾಡಬೇಕಾಗಿ ಬಂದೀತು. ಚಿಕ್ಕಮ್ಮನ ಮಗಳು ಇವೆಲ್ಲವನ್ನೂ ನೋಡಿಕೊಳ್ಳುವಳೇ?

ಈ ಮದ್ದು ಯಾರಿಗೆ ಸಲ್ಲುತ್ತದೆ? ಕಿಲೋ ತೂಕವನ್ನು ಮೀಟರಿನಲ್ಲಿ ಹೇಳಿದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕವನ್ನು ವೈದ್ಯರು ಬಿ.ಎಂ.ಐ. ಎನ್ನುತ್ತಾರೆ. ಅದು ೩೦ ಅಥವಾ ಅದಕ್ಕೂ ಮೇಲಿದ್ದವರಿಗೆ, ಇಲ್ಲವೆ ೨೭ರ ಮೇಲಿದ್ದು ರಕ್ತದೊತ್ತಡ, ಮಧುಮೇಹಗಳಂಥ ರೋಗವೂ ಇದ್ದವರಿಗೆ ಎಂದು ನಿಯಮ. ಭಾರತೀಯರಿಗೆ ಕಡಿಮೆ ತೂಕದಲ್ಲಿಯೇ ಹೊಟ್ಟೆಯೊಳಗೆ ಕೊಬ್ಬು ಕೂಡುವುದರಿಂದ, ೨೫ರಿಂದಲೇ ಬೊಜ್ಜೆಂದು ಎಣಿಸಬೇಕೆಂದೂ, ಸೊಂಟದ ಸುತ್ತಳತೆ ಹೆಂಗಸರಿಗೆ ೮೦, ಗಂಡಸರಿಗೆ ೯೦ ಸೆಂಟಿಮೀಟರನ್ನು ಮೀರಬಾರದೆಂದೂ ನಮ್ಮ ತಜ್ಞರು ೨೦೦೯ರಲ್ಲಿ ಗೊತ್ತುಮಾಡಿದರು. ಈ ಸೋದರಿಯ ಅಂಕ ೩೮.೬. ಅವರು ಕೇಳಿದ್ದು ಶೋಕಿಗಲ್ಲ. ಮಗಳ ಮದುವೆಯ ಫೋಟೋಕ್ಕಾಗಿ ಐದು ಕಿಲೋ ಇಳಿಸಹೊರಟವರು ಮಾತ್ರ ಈ ಪುಟವನ್ನು ಇಲ್ಲಿಗೇ ಮಡಿಸಿಡಬಹುದು.

ಆದ್ದರಿಂದ ಅವರು ಮಾಡತಕ್ಕದ್ದು ಹೀಗೆ. ನಕ್ಕ ಡಾಕ್ಟರನ್ನು ಬಿಟ್ಟು, ಜಿಲ್ಲಾಕೇಂದ್ರದಲ್ಲಿ ಹಾರ್ಮೋನು ರೋಗಗಳ ತಜ್ಞರನ್ನೋ ಅನುಭವಸ್ಥ ಫಿಸಿಷಿಯನ್ನರನ್ನೋ ಕಾಣಬೇಕು. ಈವರೆಗೆ ಮಾಡಿದ ಪ್ರಯತ್ನಗಳನ್ನೂ, ತೂಕ ಏರಿಳಿದ ವರುಷಗಳನ್ನೂ, ಈಗ ನುಂಗುವ ಮಾತ್ರೆಗಳ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಬರೆದೊಯ್ಯಬೇಕು; ಕೆಲವು ಮಾತ್ರೆಗಳೇ ತೂಕವನ್ನು ಏರಿಸುವುದುಂಟು. “ನನಗೆ ಸೂಜಿ ಕೊಡಿ” ಎನ್ನುವುದಕ್ಕಿಂತ “ನನ್ನ ಬೊಜ್ಜಿಗೆ ಯಾವ ಯಾವ ಚಿಕಿತ್ಸೆಗಳು ಒಪ್ಪುತ್ತವೆ? ಈ ಮದ್ದು ನನಗೆ ಆಗುತ್ತದೆಯೇ? ಆಗದಿದ್ದರೆ ಏಕೆ?” ಎಂದು ಕೇಳುವುದು ಲೇಸು. ಥೈರಾಯಿಡ್, ಸಕ್ಕರೆ, ಮೂತ್ರಪಿಂಡಗಳ ಪರೀಕ್ಷೆ ಮಾಡಿಸುವರು. ರಾತ್ರಿ ಗೊರಕೆ ಹೊಡೆಯುವಾಗ ಉಸಿರು ನಿಲ್ಲುತ್ತದೆಯೇ ಎಂದೂ ವಿಚಾರಿಸುವರು. ಇಷ್ಟು ತೂಕಕ್ಕೆ ಜಠರದ ಶಸ್ತ್ರಕ್ರಿಯೆಯ ಮಾತೂ ಬರಬಹುದು, ಹೆದರದೆ ಕೇಳಿಕೊಳ್ಳಲಿ.

ಜೊತೆಗೆ ಯಜಮಾನರನ್ನು ಕರೆದೊಯ್ಯಬೇಕೆಂದು ನಮ್ಮ ಸಲಹೆ. ಅಪ್ಪಣೆ ಪಡೆಯುವುದಕ್ಕಾಗಿ ಅಲ್ಲ. ಮದ್ದು ಒಬ್ಬರ ಮೈಗಾದರೂ ಪಥ್ಯ ಅಡಿಗೆಮನೆಗೆಲ್ಲ ಸೇರಿದ್ದು. ಹಸಿವು ಅಡಗಿದಾಗ ಅರ್ಧ ಮುದ್ದೆಗೇ ಹೊಟ್ಟೆ ತುಂಬುತ್ತದೆ. ಆ ಅರ್ಧದ ಜೊತೆಗೆ ಬೇಳೆ, ಹೆಸರುಕಾಳು, ಮೊಸರು, ಒಗ್ಗುವವರಿಗೆ ಮೊಟ್ಟೆ ಇವು ಬೀಳದಿದ್ದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗಿಹೋಗುತ್ತದೆ. ಬರಿಯ ಗಂಜಿ ಸಾಲದು. ಕೈಯಲ್ಲಿ ತೂಕವೆತ್ತುವ, ಕುರ್ಚಿಯಿಂದ ಎದ್ದು ಕೂಡುವ ಅಭ್ಯಾಸಗಳೂ ಬೇಕು. ಕರಿದ ಬೋಂಡ ವಾಕರಿಕೆಯನ್ನು ಹೆಚ್ಚಿಸುತ್ತದೆ. ಅತ್ತೆಯವರಲ್ಲಿ ನಮ್ಮ ವಿನಂತಿ ಒಂದೇ: ಸೊಸೆ ಸಾಕೆಂದಾಗ “ಇನ್ನೊಂದು ತುತ್ತು” ಎಂದು ಬಡಿಸುವ ಉಪಚಾರವನ್ನು ಬಿಡಿ, ಉಣ್ಣುವಾಗ ತಟ್ಟೆಯನ್ನು ನೋಡುವುದನ್ನೂ ಬಿಡಿ.

ಕೊನೆಗೆ ಹಣದ ವಿಚಾರ. ಟಿರ್ಜೆಪಟೈಡ್ ೨೦೨೫ರ ಮಾರ್ಚಿನಲ್ಲಿ ಮೌಂಜಾರೋ ಎಂಬ ಹೆಸರಿನಿಂದ ನಮ್ಮ ದೇಶದ ಅಂಗಡಿಗೆ ಬಂದಾಗ ೨.೫ ಮಿಲಿಗ್ರಾಮಿನ ಸೀಸೆಗೆ ೩,೫೦೦ ರೂಪಾಯಿ, ೫ ಮಿಲಿಗ್ರಾಮಿನದಕ್ಕೆ ೪,೩೭೫ ರೂಪಾಯಿ ಬೆಲೆಯಿತ್ತು. ವಾರಕ್ಕೊಂದರಂತೆ ನಾಲ್ಕು ವಾರಕ್ಕೆ ೧೪,೦೦೦ದಿಂದ ೧೭,೫೦೦. ಸೆಮಾಗ್ಲುಟೈಡಿನ ಮುಖ್ಯ ಪೇಟೆಂಟಿನ ಅವಧಿ ಭಾರತದಲ್ಲಿ ೨೦೨೬ರ ಮಾರ್ಚಿನವರೆಗಿನದು. ಆ ಬಳಿಕ ಅದನ್ನು ನಮ್ಮ ದೇಶದ ಇತರ ಕಂಪನಿಗಳೂ ತಯಾರಿಸಬಹುದಾದ್ದರಿಂದ ಬೆಲೆ ಇಳಿಯಲು ದಾರಿಯುಂಟು. ವೈದ್ಯರು ಚೀಟಿ ಬರೆಯುವ ಮೊದಲೇ ತಿಂಗಳ ವೆಚ್ಚವಲ್ಲ, ಎರಡು ವರುಷದ ವೆಚ್ಚವನ್ನು ಕೇಳಿ, ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದು ನೋಡಬೇಕು. ಬಳೆ ಅಡವಿಟ್ಟು ಮೂರು ತಿಂಗಳು ಚುಚ್ಚಿಕೊಂಡು ನಿಲ್ಲಿಸುವುದಾದರೆ ಆರಂಭಿಸದಿರುವುದೇ ಮೇಲು.

ಮುಂದಿನ ತಿಂಗಳು ಮಕ್ಕಳ ಚಳಿಗಾಲದ ಕೆಮ್ಮಿನ ವಿಚಾರ.