ಹಿಂಸಾದಾನಕ್ಕೆ ರಸೀದಿ ಸಾಕೇ?

‘ಕಾನೂನಿಗೆ ವಿರುದ್ಧವಲ್ಲದ ಕೆಲಸದಲ್ಲಿ ದೋಷವೆಲ್ಲಿಂದ ಬಂತು?’ ಎಂಬ ಮಾತು ಇಂದು ಅನೇಕ ಶ್ರಾವಕರ ಬಾಯಲ್ಲಿ ಸಲೀಸಾಗಿ ಬರುತ್ತದೆ. ಬೇರೆ ವ್ಯವಹಾರಗಳಲ್ಲಿ ಈ ಮಾತಿಗೆ ಒಂದಿಷ್ಟು ಅರ್ಥವಿರಬಹುದು. ಆಯುಧದ ವಿಷಯದಲ್ಲಿ ಮಾತ್ರ ಇದು ಪ್ರಶ್ನೆಯಾಗಿ ಉಳಿಯುವುದಿಲ್ಲ, ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ. ಕರ್ನಾಟಕದ ಎಷ್ಟೋ ಜೈನ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ಆ ದೇಶದಲ್ಲಿ ಪಿಸ್ತೂಲು ಅಂಗಡಿಯಲ್ಲಿ ದೊರೆಯುವ ಸರಕು. ಅದನ್ನು ಕೊಳ್ಳಬಹುದು, ಮಾರಬಹುದು, ನಿಯಮವನ್ನು ಪಾಲಿಸಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕಳುಹಿಸಲೂಬಹುದು. ಆದುದರಿಂದ ಆ ನಿಯಮ ಏನನ್ನು ಕೇಳುತ್ತದೆ, ಏನನ್ನು ಕೇಳುವುದಿಲ್ಲ ಎಂಬುದನ್ನು ವಿಚಾರ ಮಾಡುವುದು ಅಲ್ಲಿಯ ಮಕ್ಕಳಿಗೂ ಇಲ್ಲಿಯ ಹಿರಿಯರಿಗೂ ಅವಶ್ಯಕ.

ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾನೂನಿನ ಪ್ರಕಾರ ಪರವಾನಗಿಯಿಲ್ಲದ ವ್ಯಕ್ತಿಯು ಬೇರೆ ರಾಜ್ಯದ ನಿವಾಸಿಯಾದ, ಪರವಾನಗಿಯಿಲ್ಲದ ಇನ್ನೊಬ್ಬನಿಗೆ ಪಿಸ್ತೂಲನ್ನು ನೇರವಾಗಿ ಮಾರುವಂತಿಲ್ಲ, ಉಡುಗೊರೆಯಾಗಿಯೂ ಕೊಡುವಂತಿಲ್ಲ. ಅದು ಪಡೆಯುವವನ ರಾಜ್ಯದ ಪರವಾನಗಿ ಪಡೆದ ವ್ಯಾಪಾರಿಯ ಕೈಸೇರಬೇಕು. ಪಡೆಯುವವನು ಅಲ್ಲಿಗೆ ಹೋಗಿ, ನಮೂನೆ ತುಂಬಿ, ಪೂರ್ವಾಪರದ ತನಿಖೆಗೆ ಒಳಗಾಗಬೇಕು. ಉಯಿಲಿನಿಂದಲೋ ವಾರಸಿನಿಂದಲೋ ಬರುವ ಆಯುಧಕ್ಕೂ, ಕ್ರೀಡೆಗಾಗಿ ತಾತ್ಕಾಲಿಕವಾಗಿ ಕೊಡುವ ಎರವಲಿಗೂ ವಿನಾಯಿತಿಯುಂಟು. ವ್ಯಾಪಾರಿಯು ಪ್ರತಿಯೊಂದು ವಹಿವಾಟಿನ ದಾಖಲೆಯನ್ನು ಇಡಬೇಕು. ಕಳುಹಿಸುವವನು ಯಾರು, ಪಡೆಯುವವನು ಯಾರು, ನಡುವಿನ ವ್ಯಾಪಾರಿ ಯಾರು, ಇಷ್ಟನ್ನು ಕಾನೂನು ಕೇಳುತ್ತದೆ. ಕಳುಹಿಸುವುದು ಯೋಗ್ಯವೇ ಎಂದು ಅದು ಕೇಳುವುದಿಲ್ಲ. ಕೇಳುವುದು ಅದರ ಕೆಲಸವೂ ಅಲ್ಲ.

ಈ ಕಾನೂನು ಹುಟ್ಟಿದ ಬಗೆಯೇ ಒಂದು ಪಾಠ. ಸಾಮಾನ್ಯ ನಾಗರಿಕರು ಪಿಸ್ತೂಲು, ರಿವಾಲ್ವರುಗಳನ್ನು ಅಂಚೆಯಲ್ಲಿ ಕಳುಹಿಸುವುದನ್ನು ಅಮೆರಿಕದ ಶಾಸನಸಭೆ 1927ರಲ್ಲಿಯೇ ನಿಷೇಧಿಸಿತ್ತು. ಅಂಚೆಯ ಬಾಗಿಲು ಮುಚ್ಚಿತು, ಖಾಸಗಿ ಸಾಗಣೆಯ ಬಾಗಿಲು ತೆರೆದೇ ಇತ್ತು. 1963ರಲ್ಲಿ ಲೀ ಹಾರ್ವೆ ಆಸ್ವಾಲ್ಡ್ ಎಂಬವನು ಸುಳ್ಳು ಹೆಸರಿನಲ್ಲಿ ಲಾಸ್ ಏಂಜಲೀಸಿನಿಂದ 29 ಡಾಲರ್ 95 ಸೆಂಟಿನ ಒಂದು ರಿವಾಲ್ವರನ್ನು ಡಲ್ಲಾಸಿಗೆ ತರಿಸಿಕೊಂಡನು. ಅದು ಬಂದದ್ದು ಅಂಚೆಯಿಂದಲ್ಲ, ಖಾಸಗಿ ಪಾರ್ಸೆಲ್ ಸೇವೆಯಿಂದ. ಅದೇ ವರ್ಷ ನವೆಂಬರ್ 22ರಂದು ಅಧ್ಯಕ್ಷ ಕೆನಡಿಯವರ ಹತ್ಯೆಯಾದ ಒಂದು ಗಂಟೆಯೊಳಗೆ ಆ ರಿವಾಲ್ವರಿನಿಂದ ಒಬ್ಬ ಪೊಲೀಸ್ ಅಧಿಕಾರಿ ಹತನಾದನು. ಅಧ್ಯಕ್ಷರ ಪ್ರಾಣ ತೆಗೆದ ರೈಫಲ್ಲೂ ಶಿಕಾಗೋದಿಂದ ಅಂಚೆಯ ಮೂಲಕ ಬಂದದ್ದೇ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿಯವರೂ ಗುಂಡಿಗೆ ಬಲಿಯಾದ ಬಳಿಕವೇ ಈ ಕಾನೂನು ಬಂದಿತು. ಕಾನೂನು ರಕ್ತದ ಹಿಂದೆ ನಡೆಯುತ್ತದೆ. ವ್ರತವು ರಕ್ತಕ್ಕೆ ಮುಂಚೆಯೇ ನಿಲ್ಲಿಸುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿಯುವುದು ಅವಿವೇಕ.

ನಿಯಮವನ್ನು ಬಿಗಿ ಮಾಡಿದ ಮೇಲೆ ದೋಷ ಕಳೆಯಿತೇ? 1998ರಿಂದ ಆ ದೇಶದಲ್ಲಿ ಖರೀದಿದಾರನ ತನಿಖೆಗೆ ರಾಷ್ಟ್ರವ್ಯಾಪಿ ವ್ಯವಸ್ಥೆಯಿದೆ. 2015ರ ಏಪ್ರಿಲ್‌ನಲ್ಲಿ ದಕ್ಷಿಣ ಕೆರೊಲಿನಾದ ಒಬ್ಬ ಯುವಕನು ಪಿಸ್ತೂಲು ಕೊಳ್ಳಲು ಹೋದಾಗ ತನಿಖೆಯ ಉತ್ತರ ಮೂರು ಕೆಲಸದ ದಿನಗಳೊಳಗೆ ಬರಲಿಲ್ಲ. ಅವಧಿ ಮುಗಿದ ಮೇಲೆ ಆಯುಧವನ್ನು ಕೊಡಲು ಕಾನೂನಿನಲ್ಲಿ ಅವಕಾಶವಿತ್ತು, ಕೊಡಲಾಯಿತು. ಜೂನ್ 17ರಂದು ಚಾರ್ಲ್ಸ್‌ಟನ್ ನಗರದ ಚರ್ಚಿನಲ್ಲಿ ಪ್ರಾರ್ಥನಾಸಭೆಯಲ್ಲಿದ್ದ ಒಂಬತ್ತು ಮಂದಿ ಅವನ ಗುಂಡಿಗೆ ಸತ್ತರು. ಆ ಖರೀದಿಗೆ ಅವನು ಅರ್ಹನಾಗಿರಲಿಲ್ಲವೆಂದು ತನಿಖಾ ಸಂಸ್ಥೆಯ ಮುಖ್ಯಸ್ಥರೇ ಮುಂದೆ ಒಪ್ಪಿಕೊಂಡರು. ಮಾರಾಟಕ್ಕೆ ಕಾನೂನಿನ ಆಧಾರವಿತ್ತು. ಒಂಬತ್ತು ಜೀವಗಳು ಮಾತ್ರ ಉಳಿಯಲಿಲ್ಲ.

2005ರಲ್ಲಿ ಅದೇ ದೇಶ ಮತ್ತೊಂದು ಕಾನೂನನ್ನು ಮಾಡಿತು. ತಯಾರಿಸಿದ ಅಥವಾ ಮಾರಿದ ಬಂದೂಕಿನಿಂದ ಬೇರೊಬ್ಬನು ಅಪರಾಧ ಮಾಡಿದರೆ, ಕೆಲವು ಅಪವಾದಗಳನ್ನು ಬಿಟ್ಟು, ತಯಾರಕನನ್ನಾಗಲಿ ಮಾರಾಟಗಾರನನ್ನಾಗಲಿ ಪರಿಹಾರಕ್ಕಾಗಿ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ಜೈನ ಕರ್ಮಸಿದ್ಧಾಂತ ಇದಕ್ಕೆ ನೇರ ವಿರುದ್ಧವಾದ ಲೆಕ್ಕವನ್ನು ಬರೆಯುತ್ತದೆ. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರ ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನೋವಾಕ್ಕಾಯಗಳಿಂದಲೂ, ಕೃತ, ಕಾರಿತ, ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ ನೂರೆಂಟು ಆಸ್ರವದ್ವಾರಗಳನ್ನು ಎಣಿಸುತ್ತದೆ. ಮಾಡಿದವನಂತೆಯೇ ಮಾಡಿಸಿದವನೂ ಒಪ್ಪಿದವನೂ ಆ ಲೆಕ್ಕದಲ್ಲಿದ್ದಾರೆ. ಸರ್ಕಾರದ ನಮೂನೆಯಲ್ಲಿ ಅಷ್ಟು ಕಲಮುಗಳಿಲ್ಲವೆಂದ ಮಾತ್ರಕ್ಕೆ ಕರ್ಮದ ಖಾತೆ ಬರಿದಾಗಿರುವುದಿಲ್ಲ.

ಆಯುಧವನ್ನು ಪರರಿಗೆ ಕೊಡುವ ಕೃತ್ಯಕ್ಕೆ ಶಾಸ್ತ್ರದಲ್ಲಿ ಹೆಸರೇ ಇದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅನರ್ಥದಂಡಗಳು ಐದು. ಕೊಡಲಿ, ಖಡ್ಗ, ಬೆಂಕಿ, ಸರಪಳಿ ಮೊದಲಾದ ವಧೆಯ ಸಾಧನಗಳನ್ನು ಕೊಡುವುದು ಹಿಂಸಾದಾನ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವೂ ಇದನ್ನೇ ನಿಷೇಧಿಸುತ್ತದೆ. ಪಡೆಯುವವನು ಪರವಾನಗಿ ಉಳ್ಳವನೇ, ಪಕ್ಕದ ರಾಜ್ಯದವನೇ ಎಂಬ ಭೇದ ಅಲ್ಲಿಲ್ಲ. ದೋಷವು ಕೊಡುವ ಕೈಯಲ್ಲಿದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ಹಗುರವಾಗಿ ಕಾಣಬಾರದು. ಭಗವಾನ್ ಆದಿನಾಥರು ಕಲಿಸಿದ ಷಟ್ಕರ್ಮಗಳಲ್ಲಿ ಮೊದಲನೆಯದೇ ಅಸಿ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಬೇಕು, ವಿರೋಧೀ ಹಿಂಸೆ ಅವನಿಗೆ ಅನಿವಾರ್ಯವಾಗಬಹುದು ಎಂದು ಪರಂಪರೆಯೇ ಹೇಳುತ್ತದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾನಿಯಾಗಿದ್ದನು. ಹಾಗಿರುವಾಗ ದೂರದೇಶದಲ್ಲಿ ರಾತ್ರಿಯೆಲ್ಲ ಅಂಗಡಿ ಕಾಯುವ ಶ್ರಾವಕನ ಪಿಸ್ತೂಲನ್ನು ಮಾತ್ರ ದೂಷಿಸುವುದೇಕೆ?

ಉತ್ತರ ಕಠಿಣವಲ್ಲ. ಚಾವುಂಡರಾಯನ ಖಡ್ಗ ಅವನ ಕೈಯಲ್ಲೇ ಇತ್ತು. ಅದನ್ನು ಎತ್ತುವ ಹೊಣೆಯೂ ಇಳಿಸುವ ಸಂಯಮವೂ ಅವನವೇ ಆಗಿದ್ದವು. ವಿರೋಧೀ ಹಿಂಸೆಯ ವಿನಾಯಿತಿ ಎದುರಿಗೆ ಬಂದ ಆಪತ್ತಿಗೆ ಸಲ್ಲುವಂಥದು. ಪೆಟ್ಟಿಗೆಯಲ್ಲಿ ಕಟ್ಟಿ ಕಳುಹಿಸುವ ಆಯುಧದ ಎದುರು ಯಾವ ವಿರೋಧಿಯೂ ನಿಂತಿಲ್ಲ. ಅದು ಯಾರ ಕೋಪಕ್ಕೆ, ಯಾರ ಮದ್ಯಪಾನಕ್ಕೆ, ಯಾವ ಮಗುವಿನ ಕುತೂಹಲಕ್ಕೆ ಸಿಕ್ಕೀತೆಂದು ಕಳುಹಿಸುವವನು ಅರಿಯನು. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ರಕ್ಷಣೆಗೆಂದು ಮನೆಗೆ ಬಂದ ಆಯುಧ ಮನೆಯವರ ಮೇಲೆಯೇ ತಿರುಗುವ ಸಂಭವವನ್ನು ಬಲ್ಲವನು ಅದನ್ನು ತಮ್ಮನಿಗೆ ಉಡುಗೊರೆಯಾಗಿ ಕಳುಹಿಸುವನೇ?

‘ಕಳುಹಿಸುವವನು ಕೇವಲ ಮಧ್ಯವರ್ತಿ’ ಎಂಬ ವಾದವೂ ಉಂಟು. ವ್ಯಾಪಾರಿ ಕುಲದವರ ಬಾಯಲ್ಲಿ ಈ ಮಾತು ಶೋಭಿಸದು. ದಲಾಲಿಯು ಸರಕನ್ನು ಬೆಳೆದವನಲ್ಲ, ತಿನ್ನುವವನೂ ಅಲ್ಲ. ಆದರೂ ಅವನ ಪಾಲು ಖಾತೆಗೆ ಜಮೆಯಾಗುತ್ತದೆ. ಲಾಭದ ಪಾಲು ಅವನಿಗೆ ಬರುವುದಾದರೆ ಪಾಪದ ಪಾಲು ಮಾತ್ರ ಏಕೆ ಬಾರದು?

ಆದುದರಿಂದ ಕರ್ತವ್ಯ ಸ್ಪಷ್ಟವಾಗಿದೆ. ಕಾನೂನನ್ನು ಮೀರುವುದು ಶ್ರಾವಕನಿಗೆ ಎಂದಿಗೂ ಸಲ್ಲದು. ಆದರೆ ಕಾನೂನಿನ ಅನುಮತಿಯನ್ನು ಧರ್ಮದ ಅನುಜ್ಞೆಯೆಂದು ಭಾವಿಸುವುದೂ ಸಲ್ಲದು. ವಾರಸಿನಿಂದಲೋ ಅಂಗಡಿಯೊಡನೆಯೋ ಪಿಸ್ತೂಲು ಕೈಗೆ ಬಂದಿದ್ದರೆ ಅದನ್ನು ಮಾರುವ, ಬಂಧುಗಳಿಗೆ ಕಳುಹಿಸುವ ಮಾತು ಬೇಡ. ಸ್ಥಳೀಯ ಪೊಲೀಸರನ್ನು ಮುಂಚಿತವಾಗಿ ವಿಚಾರಿಸಿ, ಅದು ಮತ್ತೆ ಹರಾಜಿಗೆ ಬಾರದೆ ನಾಶವಾಗುವುದೆಂಬ ಭರವಸೆ ಪಡೆದು ಒಪ್ಪಿಸುವುದು ಲೇಸು. ಹಣ ನಷ್ಟವಾಗುತ್ತದೆ, ಆ ನಷ್ಟವೇ ಅಲ್ಲಿ ಅಪರಿಗ್ರಹ. ಬಸದಿಗಳ ಟ್ರಸ್ಟುಗಳೂ ಕೈಕಟ್ಟಿ ಕುಳಿತುಕೊಳ್ಳಬಾರದು. ಆಯುಧವ್ಯಾಪಾರದಿಂದ ಬಂದ ಹಣವೆಂದು ತಿಳಿದ ಮೇಲೂ ಅದನ್ನು ಅಭಿಷೇಕಕ್ಕೆ ಸ್ವೀಕರಿಸಿದರೆ, ಅನುಮೋದನೆಯ ದೋಷ ಟ್ರಸ್ಟಿಗೂ ತಗಲುತ್ತದೆ. ಪಾಠಶಾಲೆಗಳಲ್ಲಿ ಐದು ಅಣುವ್ರತಗಳನ್ನು ಬಾಯಿಪಾಠ ಮಾಡಿಸುವ ಗುರುಗಳು ಮೂರು ಗುಣವ್ರತಗಳನ್ನೂ, ಅವುಗಳಲ್ಲಿ ಅನರ್ಥದಂಡವಿರತಿಯನ್ನೂ ಇಂದಿನ ಉದಾಹರಣೆಗಳೊಡನೆ ಬಿಡಿಸಿ ಹೇಳಬೇಕು.

ಕಾಗದಪತ್ರ ಸರಿಯಾಗಿದೆಯೇ ಎಂದು ವ್ಯಾಪಾರಿ ನೋಡಲಿ, ಸರ್ಕಾರ ನೋಡಲಿ. ಪೆಟ್ಟಿಗೆಯೊಳಗೆ ಏನಿದೆ ಎಂದು ನೋಡಬೇಕಾದವನು ಶ್ರಾವಕ.